ಮೊದಲು ಕೇಪು ತೆಗಿ

ಮಾವನ ಗದ್ದೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಮೂಲೆಯಲ್ಲಿ. ಮೂರು ಕಡೆ ಸೊಪ್ಪಿನ ಬೆಟ್ಟ, ಒಂದು ಕಡೆ ಹಳ್ಳ. ಭೂಮಿ ಹುಣ್ಣಿಮೆ ಕಳೆದು ಭತ್ತ ಕಾಳು ಕಟ್ಟುವ ಹೊತ್ತಿಗೆ ಕಾಡುಹಂದಿಗಳಿಗೆ ಅಲ್ಲಿ ಹಬ್ಬ. ತಿನ್ನುವುದಕ್ಕಿಂತ ತುಳಿದು ಹಾಳು ಮಾಡುವುದೇ ಜಾಸ್ತಿ. ಆ ವರ್ಷ ಬೆಂಗಳೂರಿನಿಂದ ರಜೆ ಹಾಕಿ ಹೋಗಿದ್ದವನು ನಾನೂ ಗದ್ದೆ ಕಾಯಲು ಬರ್ತೀನಿ ಅಂದೆ. ಸುಳ್ಳು ಯಾಕೆ ಹೇಳಲಿ, ನನಗಿದ್ದದ್ದು ಭತ್ತದ ಚಿಂತೆಯಲ್ಲ, ಕೋವಿಯ ಆಸೆ.

ಮಾವನದು ಕೇಪಿನ ಕೋವಿ. ಬೆಳೆ ರಕ್ಷಣೆಗೆ ಅಂತ ಅಜ್ಜನ ಕಾಲದಲ್ಲಿ ಸಿಕ್ಕ ಲೈಸೆನ್ಸು. ಕೊಡಗಿನಲ್ಲಾದರೆ ಕೊಡವರಿಗೂ, ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ನಮ್ಮ ಕಡೆ ಆ ಭಾಗ್ಯ ಇಲ್ಲ. ನವೀಕರಣಕ್ಕೆ ಓಡಾಡಬೇಕು, ಚುನಾವಣೆ ಬಂದರೆ ಕೋವಿಯನ್ನು ಸ್ಟೇಷನ್ನಿನಲ್ಲಿ ಇಟ್ಟು ಬರಬೇಕು. ಹಂದಿಗಳಿಗೆ ಮಾತ್ರ ನೀತಿ ಸಂಹಿತೆ ಅನ್ವಯ ಆಗುವುದಿಲ್ಲ.

ಆ ಸಂಜೆ ಮಾವ ಜಗಲಿಯಲ್ಲಿ ಕೂತು ಕೋವಿ ತುಂಬಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಳಿಗೆಗೆ ಮದ್ದು ಸುರಿದು, ತೆಂಗಿನ ನಾರಿನ ಉಂಡೆ ತುರುಕಿ, ಗಜದ ಸಲಾಕೆಯಿಂದ ಜಡಿದರು. ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ಶಬ್ದಕ್ಕೆ ಹಂದಿ ಓಡಿದರೆ ಸಾಕು. ಅದೂ ವನ್ಯಜೀವಿ ಕಾಯ್ದೆಯೊಳಗೆ ಬರುವ ಪ್ರಾಣಿ, ಮನಸ್ಸಿಗೆ ಬಂದ ಹಾಗೆ ಹೊಡೆಯುವಂತಿಲ್ಲ. ಆದರೆ ಹಿಂದಿನ ರಾತ್ರಿ ಅರ್ಧ ಗದ್ದೆ ಹೋಗಿತ್ತು. ಮಾವ ಮಾತಾಡದೆ ಒಂದು ಹಿಡಿ ಚರೆಯನ್ನೂ, ಅಂದರೆ ಸೀಸದ ಸಣ್ಣ ಗುಂಡುಗಳನ್ನೂ, ಸುರಿದು ಮತ್ತೆ ನಾರು ಜಡಿದರು. ಕೇಪು ಮಾತ್ರ ಹಾಕಲಿಲ್ಲ. ಅದು ಅವರ ಅಂಗಿ ಜೇಬಿನಲ್ಲಿ, ಸುಣ್ಣದ ಡಬ್ಬಿಯಂಥ ಒಂದು ಪುಟ್ಟ ಡಬ್ಬಿಯಲ್ಲಿ. ಬಟಾಣಿಗಿಂತ ಚಿಕ್ಕ ತಾಮ್ರದ ಟೋಪಿ. ಕೋವಿಯ ಕುದುರೆ, ಅಂದರೆ ಸುತ್ತಿಗೆಯಂಥ ಭಾಗ, ಬಡಿದಾಗ ಕಿಡಿ ಕೊಟ್ಟು ಮದ್ದಿಗೆ ಬೆಂಕಿ ಹಚ್ಚುವುದು ಅದೇ. ಅದನ್ನು ಕೂರಿಸದೆ ಕುದುರೆ ಬಡಿದರೂ ಈಡು ಹಾರುವುದಿಲ್ಲ. "ಕೇಪಿಲ್ದಿದ್ರೆ ಇದು ದೊಣ್ಣೆ. ಕೇಪು ಹಾಕಿದ್ಮೇಲೆ ಯಮ" ಅಂದರು.

ಅಟ್ಟಣಿಗೆ ಮೇಲೆ ಕೂತು ಎರಡು ತಾಸಾಗಿರಬಹುದು. ಚಂದ್ರ ಮೂಡುವುದು ನಡುರಾತ್ರಿಗೆ. ಕತ್ತಲೆ ಅಂದರೆ ಕತ್ತಲೆ. ಬೆಟ್ಟದ ಅಂಚಿನಲ್ಲಿ ಸರಕ್ ಅಂತ ಶಬ್ದ ಆಯಿತು. ನಾನು ಟಾರ್ಚ್ ಹಾಕಿದೆ. ಮಾವ ತಕ್ಷಣ ಕೈ ಮೇಲೆ ಹೊಡೆದು ಆರಿಸಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಗದ್ದೆಯೊಳಗೇ ಭತ್ತ ಅಲ್ಲಾಡುವ ಸದ್ದು. ನಿಧಾನ. ನಿಲ್ಲುವುದು, ಮತ್ತೆ ಹೊರಡುವುದು. ನೆಲಕ್ಕೆ ಹತ್ತಿಕೊಂಡೇ ಬರುತ್ತಿತ್ತು.

ಮಾವ ಕೇಪು ಕೂರಿಸಿದರು. ಕುದುರೆ ಎತ್ತಿದ 'ಟಕ್' ನನ್ನ ಎದೆಯಲ್ಲೇ ಆದ ಹಾಗಾಯಿತು.

"ಹಂದಿ ಮಾವ. ಹೊಡೀರಿ" ಅಂದೆ. ಅಂದೆ ಅಲ್ಲ, ಎರಡು ಸಲ ಅಂದೆ.

ಮಾವ ಹೊಡೆಯಲಿಲ್ಲ. "ಹೋಯ್! ಯಾರದು?" ಅಂತ ಕೂಗಿದರು. ನನಗೆ ಸಿಟ್ಟೇ ಬಂತು. ಹಂದಿಯನ್ನು ಯಾರಾದರೂ ಹೆಸರು ಕೇಳುತ್ತಾರಾ? ಸದ್ದು ನಿಂತಿತು. ಓಡಲಿಲ್ಲ. ಹಂದಿಯಾಗಿದ್ದರೆ ಅಷ್ಟೊತ್ತಿಗೆ ಬೆಟ್ಟ ಸೇರಿರುತ್ತಿತ್ತು. ಮಾವ ಇನ್ನೊಮ್ಮೆ ಕೂಗಿದರು.

"ನಾನು ಗೌಡ್ರೇ..."

ಟಾರ್ಚ್ ಹಾಕಿದರೆ ಇಪ್ಪತ್ತು ಮಾರು ದೂರದಲ್ಲಿ ಭತ್ತದ ನಡುವೆ ಒಬ್ಬ ಹುಡುಗ ಮೊಣಕಾಲೂರಿದ್ದಾನೆ. ಕಪ್ಪು ಜಾಕೆಟ್, ಮೊಣಕೈವರೆಗೂ ಕೆಸರು. ಕೈಯಲ್ಲಿ ಕೋವಿ. ಅದರ ಬಾಯಿ ನೆಟ್ಟಗೆ ನನ್ನ ಕಡೆಗೇ ಇತ್ತು. ನಳಿಗೆಯ ತುದಿ ಇಷ್ಟು ದುಂಡಗಿರುತ್ತೆ ಅಂತ ಅಲ್ಲಿಯವರೆಗೆ ನಾನು ಗಮನಿಸಿರಲಿಲ್ಲ.

ಮಾವ ಬೈಯಲಿಲ್ಲ. ಹೆಬ್ಬೆರಳಲ್ಲಿ ಕುದುರೆ ಹಿಡಿದು ಮೆಲ್ಲಗೆ ಇಳಿಸಿ, ತಮ್ಮ ಕೇಪು ತೆಗೆದು ಡಬ್ಬಿಗೆ ಹಾಕಿಕೊಂಡರು. ಆಮೇಲೆ, "ಕೋವಿ ಆಕಾಶಕ್ಕೆ ಮಾಡು. ಮೊದಲು ಕೇಪು ತೆಗಿ. ಮಾತು ಆಮೇಲೆ" ಅಂದರು. ಹುಡುಗನ ಬೆರಳು ಎಷ್ಟು ನಡುಗುತ್ತಿತ್ತು ಅಂದರೆ ಕೇಪು ಹಿಡಿತಕ್ಕೇ ಸಿಗುತ್ತಿರಲಿಲ್ಲ. ಮಾವನೇ ಇಳಿದು ಹೋಗಿ ಉಗುರಿನಲ್ಲಿ ಕಿತ್ತು ತೆಗೆದರು.

ಪಕ್ಕದ ಊರಿನವನು. ಬೆಟ್ಟದ ಅಂಚಿನ ಮರದ ಬುಡದಲ್ಲಿ ಮರಸು ಕೂತಿದ್ದನಂತೆ, ಅಂದರೆ ಹಂದಿ ಬರಲಿ ಅಂತ ಅಡಗಿ ಕಾಯುತ್ತಿದ್ದ. ನಮ್ಮ ಟಾರ್ಚ್ ನೋಡಿ ಫಾರೆಸ್ಟಿನವರು ಅಂದುಕೊಂಡು, ತಪ್ಪಿಸಿಕೊಳ್ಳಲು ಗದ್ದೆಗೆ ಇಳಿದು ತೆವಳುತ್ತಿದ್ದ. ಹಂದಿ ಹೊಡೆಯಲು ಬಂದವನು ಹಂದಿಯ ಹಾಗೇ ನಡೆಯುತ್ತಿದ್ದ.

"ನಮ್ಮ ಜಾಗಕ್ಕೆ ಬರೋನು ಒಂದು ಮಾತು ಹೇಳ್ಬಾರ್ದಾ ಮಾರಾಯ?" ಅಂದರು ಮಾವ.

"ಸೊಪ್ಪಿನ ಬೆಟ್ಟ ಎಲ್ಲರದ್ದೂ ಅಲ್ವಾ ಗೌಡ್ರೇ" ಅಂದ ಹುಡುಗ. ಹೆದರಿಕೆಯಲ್ಲೂ ವಾದ ಬಿಡಲಿಲ್ಲ.

ಹಾಗೆ ನೋಡಿದರೆ ಬೆಟ್ಟ ಸರ್ಕಾರದ್ದು. ಸೊಪ್ಪು, ದರಗು ತರುವ ಹಕ್ಕು ನಮ್ಮದು. ಶಿಕಾರಿ ಮಾಡುವ ಹಕ್ಕು 1972ರ ವನ್ಯಜೀವಿ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ಬಂದ ಮೇಲೆ ಯಾರದ್ದೂ ಅಲ್ಲ. ಮಾವ ಆ ಕಥೆಗೆ ಹೋಗಲಿಲ್ಲ. ಮನೆಗೆ ವಾಪಸ್ ಬರುವಾಗ ಬೇರೆಯದೇ ಹೇಳಿದರು. ಅಜ್ಜನ ಕಾಲದಲ್ಲಿ ಊರಿಗೆ ಊರೇ ಬೇಟೆಗೆ ಹೋಗುತ್ತಿತ್ತು. ಯಾರು ಎಲ್ಲಿ ನಿಲ್ಲಬೇಕು ಅಂತ ಮೊದಲೇ ತೀರ್ಮಾನ. ಕೂಗು ಹಾಕುವವರೆಗೆ ನಿಂತ ಜಾಗ ಬಿಡುವ ಹಾಗಿಲ್ಲ. ಆಮೇಲೆ ಹೊಡೆದವರಿಗೆ, ಹಳು ನುಗ್ಗಿ ಪ್ರಾಣಿ ಎಬ್ಬಿಸಿದವರಿಗೆ, ನಾಯಿಗೂ ಪಾಲು. "ಈಗ ಎಲ್ಲ ಕದ್ದು ಹೋಗೋದು. ಕದ್ದು ಹೋಗೋನು 'ನಾನಿಲ್ಲಿದೀನಿ' ಅಂತ ಕೂಗ್ತಾನಾ?"

ಅಮೆರಿಕದಲ್ಲಿರುವ ತಂಗಿಗೆ ಇದನ್ನು ಹೇಳಿದಾಗ ನಕ್ಕಳು. ಅಲ್ಲಿ ಎಷ್ಟೋ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಹೋಗುವವರು ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಜಾಕೆಟ್ ಹಾಕಲೇಬೇಕಂತೆ. ಜಿಂಕೆಗೆ ಆ ಬಣ್ಣ ಸರಿಯಾಗಿ ಕಾಣುವುದಿಲ್ಲ, ಮನುಷ್ಯನಿಗೆ ದೂರದಿಂದಲೇ ಕಾಣುತ್ತೆ. ನಮ್ಮ ಹುಡುಗ ಹುಡುಕಿ ಹುಡುಕಿ ಕಪ್ಪು ಜಾಕೆಟ್ ಹಾಕಿಕೊಂಡು ಬಂದಿದ್ದ.

ಮಲೆನಾಡಿನಲ್ಲಿ 'ಹಂದಿ ಅಂತ ತಿಳಿದು ಗುಂಡು, ವ್ಯಕ್ತಿ ಸಾವು' ಅನ್ನುವ ಸುದ್ದಿ ಆಗಾಗ ಬರುತ್ತದೆ. ಮೊದಲೆಲ್ಲ ಓದಿ, ಎಂಥ ಕಣ್ಣಿಲ್ಲದವರಪ್ಪಾ ಅನ್ನುತ್ತಿದ್ದೆ. ಈಗ ಆ ಸುದ್ದಿ ಕಂಡರೆ ಪುಟ ತಿರುಗಿಸುತ್ತೇನೆ. ಹೊಡೀರಿ ಅಂದವನು ನಾನೇ ಅಲ್ವಾ.

ಪೊಲೀಸು, ಫಾರೆಸ್ಟು ಯಾರಿಗೂ ಮಾವ ಹೇಳಲಿಲ್ಲ. ಹುಡುಗನ ಕೋವಿಗೆ ಲೈಸೆನ್ಸ್ ಇರಲಿಕ್ಕಿಲ್ಲ. ನಮ್ಮದರಲ್ಲೂ ಚರೆ ಇತ್ತಲ್ಲ. ಹೇಳಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಅವನ ಕೇಪನ್ನು ಮಾತ್ರ ಮಾವ ವಾಪಸ್ ಕೊಡಲಿಲ್ಲ. "ಹಗಲು ಹೊತ್ತು ಮನೆಗೆ ಬಂದು ತಗೊಂಡು ಹೋಗು" ಅಂದು ಕಳಿಸಿದರು.

ಬೆಳಿಗ್ಗೆ ಎದ್ದು ನೋಡಿದರೆ, ನಾವು ಮೂವರೂ ಮಾತಾಡುತ್ತಾ ನಿಂತಿದ್ದಾಗಲೇ ಇರಬೇಕು, ಹಳ್ಳದ ಕಡೆಯಿಂದ ಹಂದಿಗಳು ಬಂದು ಉಳಿದರ್ಧ ಗದ್ದೆಯನ್ನೂ ಮುಗಿಸಿದ್ದವು. ಹುಡುಗ ಇದುವರೆಗೂ ಬಂದಿಲ್ಲ. ಕೇಪು ಮಾವನ ಡಬ್ಬಿಯಲ್ಲೇ ಇದೆ.