ಪ್ಲಾಂಟಾಜೆ ಬೀದಿಯ ಮಾದರಿ: ಆರನೇ ವಾರ

ಕೊನೆಗೂ ಟ್ರಾಮ್ ಹಳಿ ಮೇಲೆ ಕೂತಿತು!

ಹೊಸದಾಗಿ ಓದುವವರಿಗೆ: ಆಮ್‌ಸ್ಟರ್‌ಡ್ಯಾಮಿನ ಪ್ಲಾಂಟಾಜೆ ಮಿಡನ್‌ಲಾನ್ ಬೀದಿಯನ್ನು 1:87 ಅಳತೆಯಲ್ಲಿ ಮಾಡುತ್ತಿದ್ದೇನೆ. ಒಂದು ಕಡೆ ನಾಟಕಶಾಲೆ, ಎದುರಿಗೆ ಶಿಶುವಿಹಾರ. 1942ರಿಂದ ನಾಜಿಗಳು ಯಹೂದಿಗಳನ್ನು ಹಿಡಿದು ತಂದು ಆ ನಾಟಕಶಾಲೆಯಲ್ಲಿ ಕೂಡಿಹಾಕಿ, ಆಮೇಲೆ ರೈಲಿನಲ್ಲಿ ಶಿಬಿರಗಳಿಗೆ ಸಾಗಿಸುತ್ತಿದ್ದರು. ಚಿಕ್ಕ ಮಕ್ಕಳನ್ನು ಮಾತ್ರ ಎದುರಿನ ಶಿಶುವಿಹಾರಕ್ಕೆ ಕಳಿಸುತ್ತಿದ್ದರು. ನಾಟಕಶಾಲೆಯ ಆಡಳಿತ ನೋಡಿಕೊಳ್ಳುತ್ತಿದ್ದ ಯಹೂದಿ ವಾಲ್ಟರ್ ಸೂಸ್ಕಿಂಡ್ ಮತ್ತು ಜೊತೆಗಾರರು ಬಂಧಿತರ ಪಟ್ಟಿಯಿಂದ ಮಕ್ಕಳ ಹೆಸರು ಮಾಯ ಮಾಡುತ್ತಿದ್ದರು. ಶಿಶುವಿಹಾರದ ಮುಖ್ಯಸ್ಥೆ ಹೆನ್ರಿಯೆಟ್ಟೆ ಪಿಮೆಂಟೆಲ್ ಮತ್ತು ದಾದಿಯರು ಆ ಮಕ್ಕಳನ್ನು ಹೊರಗೆ ಸಾಗಿಸುತ್ತಿದ್ದರು. ಸುಮಾರು 600 ಮಕ್ಕಳು ಹೀಗೆ ಉಳಿದುಕೊಂಡರು. ಪಿಮೆಂಟೆಲ್ ಉಳಿಯಲಿಲ್ಲ. 1943ರಲ್ಲಿ ನಾಜಿಗಳ ಆಶ್ವಿಟ್ಜ್ ಶಿಬಿರದಲ್ಲಿ ಅವರನ್ನು ಕೊಂದರು.

ಟ್ರಾಮ್ ಬಂದಾಗ ನಾಟಕಶಾಲೆ ಮುಂದಿನ ಪಹರೆಯವನಿಗೆ ಶಿಶುವಿಹಾರದ ಬಾಗಿಲು ಕಾಣುತ್ತಿರಲಿಲ್ಲ, ಆ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಹೊರಟುಬಿಡುತ್ತಿದ್ದರು ಅಂತ ಓದಿದ್ದೆ. ಇವತ್ತು ಬಗ್ಗಿ, ಕಣ್ಣನ್ನು ಬೋರ್ಡಿನ ಮಟ್ಟಕ್ಕೆ ತಂದು ನೋಡಿದೆ. ಪಹರೆಯವನು 20 ಮಿ.ಮೀ., ಟ್ರಾಮ್ 38. ಬಾಗಿಲು ಪೂರ್ತಿ ಮರೆ. ಟ್ರಾಮನ್ನು ಬೆರಳಲ್ಲಿ ತಳ್ಳಿದೆ. ಬಾಗಿಲು ಮತ್ತೆ ಕಂಡಿತು. ಎಷ್ಟು ಕಡಿಮೆ ಹೊತ್ತು ಅಲ್ವಾ!

ಹಿತ್ತಲ ಬೇಲಿಗೆ ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ಹರಿದು ಅಂಟಿಸಿದೆ. ಆ ಬೇಲಿ ಮೇಲಿಂದಲೇ ಮಕ್ಕಳನ್ನು ಪಕ್ಕದ ಶಿಕ್ಷಕರ ತರಬೇತಿ ಶಾಲೆಗೆ ದಾಟಿಸುತ್ತಿದ್ದರು. ಅಲ್ಲಿನ ಮುಖ್ಯಸ್ಥ ಯೋಹಾನ್ ಫಾನ್ ಹುಲ್ಸ್ಟ್ ಎಲ್ಲ ಗೊತ್ತಿದ್ದೇ ಜೊತೆಗೆ ನಿಂತರು.

ಜಾಸ್ತಿ ಹೊತ್ತು ಹಿಡಿದಿದ್ದು 6 ಮಿ.ಮೀ. ಉದ್ದದ ಒಂದು ಬಟ್ಟೆಗಂಟು. ಕೂಸನ್ನು ಬಿಟ್ಟುಕೊಡಲು ಒಪ್ಪಿದ ಕೆಲವು ತಾಯಂದಿರು ಕಂಬಳಿ ಸುತ್ತಿದ ಗೊಂಬೆಯನ್ನು ಎತ್ತಿಕೊಂಡು ರೈಲು ಹತ್ತಿದರು. ಆ ಗಂಟನ್ನು ಮಾದರಿಯ ತಾಯಿಯ ತೋಳಿಗೆ ಅಂಟಿಸುವಾಗ ಕೈ ನಡುಗಿತು. ಎರಡು ಸಲ ಬಿತ್ತು.

ಮುಂದಿನದು ಬೇರೆ ಬೋರ್ಡು: 1945, ಹೀಗೆ ಪಾರಾದ ಮಗುವನ್ನು ಬಚ್ಚಿಟ್ಟು ಸಾಕಿದ ಒಂದು ಮನೆ. ಆ ವರ್ಷ ಡಚ್ ಸರ್ಕಾರ ಇಂಥ ಮಕ್ಕಳಿಗಾಗಿ ಆಯೋಗ ಮಾಡಿತು. ಒಂದು ತಿಂಗಳೊಳಗೆ ಹೆಸರು ಕೊಡದ ತಂದೆ ತಾಯಿಯ ಹಕ್ಕು ಹೋಗುವ ಹಾಗಿತ್ತು. ಶಿಬಿರದಿಂದ ಬದುಕಿ ಬರುವವರಿಗೆ ಒಂದೇ ತಿಂಗಳಾ? ತುಂಬಾ ಸಿಟ್ಟು ಬಂತು. ಆದರೆ ಎರಡು ಮೂರು ವರ್ಷ ಜೀವ ಪಣಕ್ಕಿಟ್ಟು ಸಾಕಿದವಳನ್ನೇ ಅಮ್ಮ ಅನ್ನುವ ಮಗುವೂ ಅಲ್ಲಿದೆ. ಹಾಗಾಗಿ ಬಾಗಿಲ ಹತ್ತಿರ ಇಬ್ಬರು ಹೆಂಗಸರನ್ನು ನಿಲ್ಲಿಸುತ್ತೇನೆ. ಇಬ್ಬರಿಗೂ ಒಂದೇ ಎತ್ತರ. ತಂತಿ ಕತ್ತರಿಸಿ ಇಟ್ಟಿದ್ದೇನೆ.