ಛಲೋ ಅಡ್ಡಾಡ್ತೀರಲ್ಲ, ನಿಮಗ್ಯಾಕೆ ಈ ಪಾಸು?

ದಿನಾ ಗದಗದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಓಡಾಡುತ್ತೇನೆ. ಅಮರಗೋಳದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವುದು ನನ್ನ ಕೆಲಸ. ಕಿಸೆಯಲ್ಲಿ ವಿಕಲಚೇತನರ ರಿಯಾಯಿತಿ ಪಾಸು ಇರುತ್ತದೆ. ಅದನ್ನು ತೆಗೆದಾಗಲೆಲ್ಲ ಪಕ್ಕದವರ ಕಣ್ಣು ಮೊದಲು ಪಾಸಿನ ಮೇಲೆ, ಆಮೇಲೆ ನನ್ನ ಕಾಲಿನ ಮೇಲೆ ಹೋಗುತ್ತದೆ. ಎರಡೂ ಕಾಲು ನೆಟ್ಟಗಿವೆ. ಆಗ ಪ್ರಶ್ನೆ ಬರುತ್ತದೆ: “ಛಲೋ ಅಡ್ಡಾಡ್ತೀರಲ್ರೀ, ನಿಮಗ್ಯಾಕ್ರೀ ಈ ಪಾಸು?”

ಕಂಡಕ್ಟರ್ ಕೇಳಿದ್ದಾರೆ. ಬೀಗರು ಕೇಳಿದ್ದಾರೆ, ಅದೂ ಊಟಕ್ಕೆ ಕೂತಾಗ. ಎಲ್ಲರಿಗಿಂತ ಖಾರವಾಗಿ ಕೇಳಿದ್ದು ನಮ್ಮ ಅಂಗಡಿಯ ಒಬ್ಬ ಹಮಾಲ. “ನಾವು ದಿನಾ ಚೀಲಾ ಹೊರತೀವಿ, ನೀವು ಪೆನ್ನು ಹೊರತೀರಿ. ಪಾಸು ಮಾತ್ರ ನಿಮಗ!” ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಮೆಣಸಿನಕಾಯಿ ಘಾಟಿನ ಹಾಗೆ ಸಂಜೆಯವರೆಗೂ ಗಂಟಲಲ್ಲೇ ಇತ್ತು.

ಅಡ್ಡಾಡುತ್ತೇನೆ, ನಿಜ. ಅಡ್ಡಾಡಲೇಬೇಕು. ನನಗಿರುವ ಬೇನೆಯೇ ಅಂಥದ್ದು.

ಅದರ ಹೆಸರು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅಣ್ಣಿಗೇರಿ ಬಂದಿರುತ್ತದೆ, ಹಾಗಾಗಿ ಬಸ್ಸಿನಲ್ಲಿ ಯಾರಿಗೂ ಹೇಳಲ್ಲ. ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತ. ವರ್ಷಗಟ್ಟಲೆ ಹಾಗೇ ಇದ್ದರೆ ಕೆಲವರಲ್ಲಿ ಮೂಳೆಗೆ ಮೂಳೆ ಅಂಟಿಕೊಂಡು ಬೆನ್ನು ಬಿದಿರಿನ ಗಳದ ಹಾಗೆ ಬಿರುಸಾಗುತ್ತದೆ. ಹೆಚ್ಚಾಗಿ ಹರೆಯದಲ್ಲೇ ಶುರುವಾಗುತ್ತದೆ. ಮಾಮೂಲಿ ನಡಾಬ್ಯಾನಿಗೆ ‘ಮಲಕೋರಿ, ಆರಾಮ ಆಗತದ’ ಅಂತಾರಲ್ಲ, ಇದು ಅದರ ತದ್ವಿರುದ್ಧ. ಮಲಗಿದಷ್ಟೂ, ಕೂತಷ್ಟೂ ಜಾಸ್ತಿ ಆಗುತ್ತದೆ. ಮೈ ಆಡಿಸಿದರೆ ಸಡಿಲ ಆಗುತ್ತದೆ. ಬೆಳಗಿನ ಹೊತ್ತು ನನ್ನನ್ನು ನೋಡುವುದು ಹೆಂಡತಿ ಒಬ್ಬಳೇ. ನೀವು ನೋಡುವುದು ಒಂಬತ್ತರ ನಂತರ.

ಈಗ ಬಸ್ಸಿನ ವಿಷಯ. ಗದಗದಿಂದ ಹುಬ್ಬಳ್ಳಿ 60 ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಅಷ್ಟೂ ದೂರ ಒಂದೇ ಸಲಕ್ಕೆ ಕೂತರೆ ನಾನು ಬಸ್ಸಿನಿಂದ ಇಳಿಯುವುದು ಕುರ್ಚಿಯ ಆಕಾರದಲ್ಲಿ. ನಿಂತು ಹೋದರೆ ಒಂದೊಂದು ಬ್ರೇಕಿಗೂ ಸೊಂಟದಲ್ಲಿ ಮೊಳೆ ಹೊಡೆದ ಹಾಗೆ. ಹಾಗಾಗಿ ಅಣ್ಣಿಗೇರಿಯಲ್ಲಿ ಇಳಿಯುತ್ತೇನೆ. ಬಸ್ ಸ್ಟ್ಯಾಂಡಿನ ಆ ತುದಿಯಿಂದ ಈ ತುದಿಗೆ ನಾಲ್ಕು ಸುತ್ತು. ಒಂದು ಚಹಾ. ಮುಂದಿನ ಬಸ್ಸಿಗೆ ಹುಬ್ಬಳ್ಳಿ. ಮೊದಲು ಹೀಗೆ ಇಳಿದು ಹತ್ತಿದರೆ ಎರಡು ಟಿಕೆಟ್ ಆಗುತ್ತಿತ್ತು, ಬರುವಾಗ ಮತ್ತೆರಡು. ದುಡ್ಡು ಉಳಿಸೋಣ ಅಂತ ಸುಮ್ನೆ ಹಲ್ಲು ಕಚ್ಚಿ ಕೂತಿರುತ್ತಿದ್ದೆ. ಪಾಸಿಗೆ ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್ ಒಳಗೆ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಪಾಸು ನನಗೆ ಕೊಟ್ಟದ್ದು ನಡುವೆ ಇಳಿಯುವ ಸ್ವಾತಂತ್ರ್ಯ. ಅಣ್ಣಿಗೇರಿಯಲ್ಲಿ ನಾನು ಜೋರಾಗಿ ಅಡ್ಡಾಡುವುದನ್ನು ನೋಡಿ ‘ಇವನಿಗೇನಾಗೈತಿ’ ಅನ್ನುವವರಿಗೆ ಹೇಳಬೇಕಾದ್ದು ಇಷ್ಟೇ: ಅದು ಔಷಧಿ ತಗೊಳ್ಳೋ ಹೊತ್ತು.

(ನನ್ನ ಹೆಂಡತಿಗೆ 2023ರ ಜೂನ್ 11ರಿಂದ, ಶಕ್ತಿ ಯೋಜನೆ ಬಂದಾಗಿನಿಂದ, ಟಿಕೆಟ್ಟೇ ಇಲ್ಲ. “ನಿಮಗಿಂತ ನನ್ನ ಪಾಸೇ ಛಲೋ” ಅಂತ ಆಗಾಗ ಕೆಣಕುತ್ತಾಳೆ.)

ಪಾಸಿಗಿಂತ ಅದರ ಹಿಂದಿನ ಕಾಗದದ್ದೇ ದೊಡ್ಡ ಕತೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಅದರಲ್ಲಿ ನೋವು ಅನ್ನೋದು ಇಲ್ಲ. ನನ್ನ ರೋಗದ ಹೆಸರೂ ಇಲ್ಲ. ನೋವಿನಿಂದಲೋ ರೋಗದಿಂದಲೋ ಕೈಕಾಲು, ಬೆನ್ನಿನ ಚಲನೆ ಎಷ್ಟು ಕಡಿಮೆಯಾಗಿದೆ ಅಂತ ಅಳೆಯುತ್ತಾರೆ. ಶೇಕಡಾ 40 ಬಂದರೆ ಬಹುಪಾಲು ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಯುಡಿಐಡಿ ಅನ್ನೋ ವಿಕಲಚೇತನರ ಗುರುತಿನ ಕಾರ್ಡಿಗೆ ಬಣ್ಣವೂ ಇದೆ. 40ಕ್ಕಿಂತ ಕಡಿಮೆಯಾದರೆ ಬಿಳಿ, 40 ದಾಟಿದರೆ ಹಳದಿ, 80 ದಾಟಿದರೆ ನೀಲಿ.

ಮೊದಲ ಸಲ ಹೋದಾಗ ನಾನು ಮಾಡಿದ ತಪ್ಪು ಕೇಳಿ. ಆಸ್ಪತ್ರೆಗೆ ಹೋಗಬೇಕಲ್ಲ ಅಂತ ಬೆಳಿಗ್ಗೆ ಐದಕ್ಕೆ ಎದ್ದೆ. ಬಿಸಿನೀರು ಸುರಿದುಕೊಂಡೆ. ನೋವಿನ ಗುಳಿಗಿ ನುಂಗಿದೆ. ಇಸ್ತ್ರಿ ಮಾಡಿದ ಅಂಗಿ ಹಾಕಿದೆ. ಸಾಲಿನಲ್ಲಿ ಕೂರಲು ಆಗದೆ ಎರಡು ತಾಸು ವರಾಂಡದಲ್ಲಿ ಅಡ್ಡಾಡಿದೆ. ನನ್ನ ಪಾಳಿ ಬಂದಾಗ ಹನ್ನೊಂದೂವರೆ. ಇಡೀ ದಿನದಲ್ಲಿ ನನ್ನ ಬೆನ್ನು ಅತಿ ಹೆಚ್ಚು ಸಡಿಲ ಇರುವ ಹೊತ್ತು ಅದು.

ಡಾಕ್ಟರ್ ಅಂಗಿ ಮೇಲೆತ್ತಿಸಿ ಸೊಂಟದ ಹತ್ತಿರ ಪೆನ್ನಿನಿಂದ ಒಂದು ಗೆರೆ ಎಳೆದರು. ಅದಕ್ಕೆ ಸರಿಯಾಗಿ 10 ಸೆಂಟಿಮೀಟರ್ ಮೇಲೆ ಇನ್ನೊಂದು. “ಮುಂದ ಬಗ್ಗ್ರಿ. ಇನ್ನೊಂಚೂರು.” ಬಗ್ಗಿದಾಗ ಬೆನ್ನಿನ ಚರ್ಮ ಹಿಗ್ಗಿ ಗೆರೆಗಳು ದೂರ ಸರಿಯಬೇಕು. ಛಲೋ ಬೆನ್ನಾದರೆ 10 ಇದ್ದದ್ದು 15ರ ಹತ್ತಿರ ಹೋಗುತ್ತದೆ. ನನ್ನದು 13ಕ್ಕೆ ನಿಂತಿತು. ಆಮೇಲೆ ಗೋಡೆಗೆ ಹಿಮ್ಮಡಿ ಹಚ್ಚಿ ನಿಲ್ಲಿಸಿ, ತಲೆ ಗೋಡೆಗೆ ತಾಕುತ್ತದೋ ಇಲ್ಲವೋ ನೋಡಿದರು. ಕುತ್ತಿಗೆ ಎತ್ತಿ ಹೇಗೋ ತಾಕಿಸಿಬಿಟ್ಟೆ. ಶಾಲೆಯಲ್ಲಿ ಮೇಷ್ಟ್ರ ಮುಂದೆ ನಿಂತ ಹುಡುಗನ ಹಾಗೆ, ಪಾಸಾಗಬೇಕು ಅನ್ನೋ ಹಟ. ಇಲ್ಲಿ ಪಾಸಾದರೆ ಪಾಸು ಸಿಗಲ್ಲ ಅನ್ನೋದು ತಲೆಗೇ ಬರಲಿಲ್ಲ.

ಶೇಕಡಾ 32. ಬಿಳಿ ಕಾರ್ಡು. ರಾತ್ರಿ ಮುಲಾಮು ಹಚ್ಚುವಾಗ ಹೆಂಡತಿ ಕೇಳಿದಳು, “ಇದೇನ್ರೀ, ಬೆನ್ನ ಮ್ಯಾಲೂ ಲೆಕ್ಕಾ ಬರಕೊಂಡು ಬಂದೀರಿ?”

ಪ್ರಮಾಣಪತ್ರ ಒಪ್ಪಿಗೆಯಾಗದಿದ್ದರೆ ಅದೇ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿ ಹಾಕಬಹುದು. ನಾನು ಹಾಕಲಿಲ್ಲ. ಅಳತೆ ಸುಳ್ಳಾಗಿರಲಿಲ್ಲ, ಅಳೆದ ಹೊತ್ತು ಬೇರೆ ಇತ್ತು ಅಷ್ಟೇ. ಬ್ರಿಟನ್ನಿನಲ್ಲಿರುವ ಅಕ್ಕನ ಮಗಳು ಫೋನಿನಲ್ಲಿ ಅಲ್ಲಿಯ ಪದ್ಧತಿ ಹೇಳಿದಳು. 2013ರಲ್ಲಿ ಶುರುವಾದ ‘ಪಿಪ್’ ಅನ್ನೋ ವಿಕಲಚೇತನರ ಭತ್ಯೆಯಲ್ಲಿ, ಎಷ್ಟು ಮೀಟರ್ ನಡೆಯುತ್ತೀರಿ ಅಂತ ಕೇಳಿ ಬಿಡಲ್ಲವಂತೆ. ಅಷ್ಟು ದೂರ ಅಪಾಯವಿಲ್ಲದೆ, ಮತ್ತೆ ಮತ್ತೆ, ಹೆಚ್ಚು ಹೊತ್ತು ಹಿಡಿಯದೆ ನಡೆಯೋಕೆ ಆಗುತ್ತದಾ, ಅದೂ ಅರ್ಧಕ್ಕಿಂತ ಹೆಚ್ಚು ದಿನ ಹಾಗೆ ಇರುತ್ತದಾ ಅಂತಲೂ ನೋಡಬೇಕು. “ಆದ್ರ ಇಲ್ಲೂ ಜಗಳಾ ತಪ್ಪಿಲ್ಲ ಮಾಮಾ” ಅಂದಳು. ಅದೇನೇ ಇರಲಿ, ಆ ‘ಮತ್ತೆ ಮತ್ತೆ’ ಅನ್ನೋ ಮಾತು ನನಗೆ ಹಿಡಿಸಿತು.

ಹಾಗಾಗಿ ನನಗೆ ಗೊತ್ತಿರುವ ಕೆಲಸವನ್ನೇ ಮಾಡಿದೆ. ಒಂದು ಕಿರ್ದಿ ಬರೆಯಲು ಶುರು ಮಾಡಿದೆ. ‘ಎಚ್ಚರವಾದದ್ದು 5.10. ನೆಟ್ಟಗಾದದ್ದು 6.25. ಕಾಲುಚೀಲ: ಹೆಂಡತಿ ಹಾಕಿದಳು. ಗುಳಿಗಿ 7ಕ್ಕೆ. ಬಸ್ಸಿನ ಮೊದಲ ಮೆಟ್ಟಿಲು: ಪೈಪು ಹಿಡಿದು, ಹಿಂದಿನವರು ಬೈದರು.’ ಛಲೋ ದಿನ ಇದ್ದರೆ ಛಲೋ ಅಂತಲೇ ಬರೆದೆ. ಜಮಾ, ಖರ್ಚು ಎರಡೂ ಇಲ್ಲದಿದ್ದರೆ ಅದು ಲೆಕ್ಕ ಅಲ್ಲ.

ಎರಡು ವರ್ಷ ಬಿಟ್ಟು ಮತ್ತೆ ಹೋದೆ. ಕುಂಟುವ ನಾಟಕ ಮಾಡಲಿಲ್ಲ, ಗುಳಿಗಿಯನ್ನೂ ಬಿಡಲಿಲ್ಲ. ಎಷ್ಟು ಹೊತ್ತಿಗೆ ನುಂಗಿದೆ ಅಂತ ಮಾತ್ರ ಮೊದಲೇ ಹೇಳಿದೆ. ಹಳೆಯ ಎಕ್ಸ್‌ರೇಗಳ ಜೊತೆ ಕಿರ್ದಿಯನ್ನೂ ಮೇಜಿನ ಮೇಲೆ ಇಟ್ಟೆ. ಡಾಕ್ಟರ್ ಎರಡು ಪುಟ ಓದಿದರು, ನಕ್ಕರು, ಆಮೇಲೆ ಗೆರೆ ಎಳೆದರು. ಈ ಸಲ ತಲೆ ಗೋಡೆಗೆ ತಾಕಿಸಲು ಹೋಗಲಿಲ್ಲ. ಶೇಕಡಾ 44. ಅದು ಕಿರ್ದಿಯಿಂದ ಬಂತೋ, ಅಷ್ಟರಲ್ಲಿ ಸೊಂಟದ ಕೀಲೂ ಕೆಟ್ಟಿದ್ದರಿಂದ ಬಂತೋ ಹೇಳಲಾರೆ. ಹಳದಿ ಕಾರ್ಡು ಬಂದ ದಿನ ಖುಷಿಪಡಬೇಕೋ ಬೇಡವೋ ಗೊತ್ತಾಗದೆ ಮನೆಯಲ್ಲಿ ಶಿರಾ ಮಾಡಿಸಿಕೊಂಡು ತಿಂದೆ.

ಉಳಿದ ಸೌಲಭ್ಯಗಳು? ಶೇಕಡಾ 40 ಇದ್ದವರಿಗೆ ಆದಾಯ ತೆರಿಗೆಯಲ್ಲಿ 75,000 ರೂಪಾಯಿ ಕಡಿತ ಇದೆ, ಹಳೆಯ ಪದ್ಧತಿಯಲ್ಲಿ ರಿಟರ್ನ್ ಹಾಕಿದರೆ. ನನ್ನ ಸಂಬಳಕ್ಕೆ ತೆರಿಗೆಯೇ ಬೀಳಲ್ಲ, ಆ ಮಾತು ಬಿಡಿ. ರೈಲಿನಲ್ಲಿ ಎರಡನೇ ದರ್ಜೆ, ಸ್ಲೀಪರಿಗೆ ಶೇಕಡಾ 75 ರಿಯಾಯಿತಿ ಇದೆ, ಜೊತೆಗೆ ಬರುವವರಿಗೂ ಇದೆ. ಆದರೆ ಚಲನವೈಕಲ್ಯ ಇದ್ದವರಿಗೆ ಅದು ಸಿಗಬೇಕಾದರೆ ‘ಜೊತೆಗೊಬ್ಬರಿಲ್ಲದೆ ಪ್ರಯಾಣ ಮಾಡಲಾರರು’ ಅಂತ ಡಾಕ್ಟರ್ ಬರೆದುಕೊಡಬೇಕು. “ಬರಿಸಿಕೊಂಡು ಬಿಡ್ರಿ, ಯಾರು ನೋಡ್ತಾರ” ಅಂತ ಸಲಹೆ ಕೊಟ್ಟವರಿದ್ದಾರೆ, ಪಾಸು ಯಾಕೆ ಅಂತ ಕೇಳಿದವರೇ! ನಾನು ದಿನಾ ಒಬ್ಬನೇ ಓಡಾಡುತ್ತೇನೆ. ಹಾಗಾಗಿ ಅದು ನನ್ನದಲ್ಲ.

ಅರ್ಜಿ ಹಾಕುವವರು ಏಜೆಂಟರ ಹತ್ತಿರ ಹೋಗಬೇಡಿ. ಕಾರ್ಡಿಗೆ ಯುಡಿಐಡಿಯ ವೆಬ್‌ಸೈಟ್ ಇದೆ, ಪಾಸಿಗೆ ಸೇವಾ ಸಿಂಧು ಇದೆ. ಹಳ್ಳಿಯಾದರೆ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಒಬ್ಬರು ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರು ಸಾಮಾನ್ಯವಾಗಿ ತಾವೇ ವಿಕಲಚೇತನರು, ಹಾಗಾಗಿ ಈ ಪ್ರಶ್ನೆ ಕೇಳಲ್ಲ.

ಕಳೆದ ತಿಂಗಳು ಅಂಗಡಿ ಮುಚ್ಚುವ ಹೊತ್ತಿಗೆ ಆ ಹಮಾಲ ಬಂದು ಬಾಗಿಲಿಗೆ ಒರಗಿ ನಿಂತ. “ಸರ, ಆ ಫಾರ್ಮು ಎಲ್ಲಿ ಸಿಗತೈತ್ರಿ?” ಅಂದ. ನಡದಿಂದ ಹಿಮ್ಮಡಿಯವರೆಗೆ ಸೆಳೆತವಂತೆ, ಮೂರು ತಿಂಗಳಾಯಿತಂತೆ. ಶೇಕಡಾ 40 ಬರುತ್ತದೆ ಅಂತ ಹೇಳೋಕಾಗಲ್ಲ, ಮೊದಲು ಡಾಕ್ಟರಿಗೆ ತೋರಿಸು ಅಂದೆ. ಕಿರ್ದಿ ಬರಿ ಅಂದೆ. “ನನಗ ಬರಿಯಾಕ ಬರಂಗಿಲ್ರಿ” ಅಂದ.

ಈಗ ನನ್ನ ಕಿರ್ದಿಯಲ್ಲಿ ಹಿಂದಿನ ಪುಟಗಳು ಅವನವು. ಬೆಳಿಗ್ಗೆ ಬಂದವನೇ ಹೇಳುತ್ತಾನೆ, ನಾನು ಬರೆಯುತ್ತೇನೆ. ‘ಸೋಮವಾರ. ಎದ್ದದ್ದು 5. ಚಪ್ಪಲಿ ಮೆಟ್ಟಲು ಗೋಡೆ ಹಿಡಿದ. ಹೊತ್ತ ಚೀಲ 40.’