ಕಾಯಿ ಕುಸ್ತಿ

ನಾನು ಮೂವತ್ತು ವರ್ಷ ಹುಬ್ಬಳ್ಳಿಯ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಮಷೀನ್ ಓಡಿಸಿದವನು. ಮದುವೆ ಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್, ಚುನಾವಣೆ ಬಂತೆಂದರೆ ರಾತ್ರಿಯೆಲ್ಲ ಪೋಸ್ಟರ್. ಇಂಥವನು ಚಿತ್ರಕಲೆ ಬಗ್ಗೆ ಮಾತಾಡಬಾರದು ಅಂತ ನಮ್ಮಣ್ಣನ ಅಭಿಪ್ರಾಯ. ಇರಲಿ. ಒಂದು ಚಿತ್ರದ ಬಗ್ಗೆ ಮಾತ್ರ ನಾನು ಯಾರ ಜೊತೆ ಬೇಕಾದರೂ ವಾದಕ್ಕೆ ನಿಲ್ಲುತ್ತೇನೆ.

ಅದು ನನಗೆ ಸಿಕ್ಕಿದ್ದು ರದ್ದಿಯಲ್ಲಿ. ರೋಲರ್ ಒರೆಸಲು ಪ್ರೆಸ್ಸಿಗೆ ಕಿಲೋಗಟ್ಟಲೆ ರದ್ದಿ ತರಿಸುತ್ತಿದ್ದೆವು. 1991ರ ಸುಮಾರಿಗೆ ಒಂದಿನ ಯಾವುದೋ ಹಳೇ ಇಂಗ್ಲಿಷ್ ಮ್ಯಾಗಜೀನಿನ ಹಾಳೆ ಕೈಗೆ ಬಂತು. ಸೀಮೆಎಣ್ಣೆಯಲ್ಲಿ ಅದ್ದಬೇಕು ಅನ್ನುವಷ್ಟರಲ್ಲಿ ಕೈ ನಿಂತಿತು. ಕಪ್ಪು ಬಿಳುಪಿನ ಕುಸ್ತಿ ಚಿತ್ರ. ಕುಸ್ತಿಯಲ್ಲ, ಬಾಕ್ಸಿಂಗ್. ಒಬ್ಬ ಪೈಲ್ವಾನ ಹಗ್ಗದ ಆಚೆ ಹಿಂದಕ್ಕೆ ಬೀಳುತ್ತಿದ್ದಾನೆ, ಕಾಲು ಮೇಲೆ. ಕೆಳಗೆ ಕೂತ ಜನ ಕೈ ಚಾಚಿ ಅವನ ಭಾರ ತಡೆಯುತ್ತಿದ್ದಾರೆ. ಹೊಡೆದವನು ಗೋಡೆಯ ಹಾಗೆ ನಿಂತಿದ್ದಾನೆ.

ಅದನ್ನು ಒರೆಸಲು ಬಳಸಲಿಲ್ಲ. ಮಷೀನಿನ ಹಿಂದಿನ ಗೋಡೆಗೆ ಅಂಟಿಸಿದೆ. ರಿಟೈರ್ ಆಗುವ ದಿನದವರೆಗೂ ಅಲ್ಲೇ ಇತ್ತು, ಇಂಕ್ ಬೆರಳಿನ ಗುರುತು ಹತ್ತಿಸಿಕೊಂಡು.

ಚಿತ್ರ ಬರೆದವನು ಜಾರ್ಜ್ ಬೆಲ್ಲೋಸ್, ಅಮೆರಿಕದವನು. ಒಹಾಯೋದಲ್ಲಿ ಕಾಲೇಜು ಓದುವಾಗ ಬೇಸ್‌ಬಾಲ್, ಬಾಸ್ಕೆಟ್‌ಬಾಲ್ ಆಡುತ್ತಿದ್ದನಂತೆ. ಓದು ಅರ್ಧಕ್ಕೆ ಬಿಟ್ಟು 1904ರಲ್ಲಿ ನ್ಯೂಯಾರ್ಕಿಗೆ ಹೋದ. ಆಗ ಅಲ್ಲಿ ಬಹಿರಂಗವಾಗಿ ಬಾಕ್ಸಿಂಗ್ ನಡೆಸುವಂತಿರಲಿಲ್ಲ. ಅದಕ್ಕೆ ಕ್ಲಬ್ ಅಂತ ಹೆಸರಿಟ್ಟು, ಹೊಡೆದಾಡುವವರನ್ನು ಆ ಒಂದು ರಾತ್ರಿಗೆ ಮೆಂಬರ್ ಮಾಡಿಕೊಂಡು ಪಂದ್ಯ ನಡೆಸುತ್ತಿದ್ದರು. ನಮ್ಮವರಿಗಷ್ಟೇ ಇಂಥ ಬುದ್ಧಿ ಇದೆ ಅಂದುಕೊಂಡಿದ್ದೆ! ಅಂಥದ್ದೊಂದು ಅಡ್ಡೆ ಬೆಲ್ಲೋಸನ ಸ್ಟುಡಿಯೋ ಎದುರಿಗೇ ಇತ್ತು. ಅಲ್ಲಿ ಕಂಡಿದ್ದನ್ನು 1909ರಲ್ಲಿ ಪೇಂಟಿಂಗ್ ಮಾಡಿದ, 1917ರಲ್ಲಿ ಅದನ್ನೇ ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು ಹಾಳೆಗೆ ಅಚ್ಚು ತೆಗೆದ. ಅದರಲ್ಲಿ ಇಬ್ಬರ ಮುಖಕ್ಕಿಂತ ಅವರ ಭಾರ ಎದ್ದು ಕಾಣುತ್ತದೆ. ಆಟ ಆಡಿದವನ ಕೈ ಅದು. ದೂರ ಕೂತು ನೋಡಿದವರು ಮುಖ ಬರೆಯುತ್ತಾರೆ.

ನನ್ನ ಗೋಡೆಯ ಮೇಲಿದ್ದದ್ದು 1923ರ ಸೆಪ್ಟೆಂಬರ್ 14ರ ಪಂದ್ಯ. ಬೀಳುತ್ತಿರುವವನು ಜ್ಯಾಕ್ ಡೆಂಪ್ಸಿ, ಆಗಿನ ಹೆವಿವೇಟ್ ಚಾಂಪಿಯನ್. ಹೊಡೆದವನು ಅರ್ಜೆಂಟೀನಾದ ಲೂಯಿಸ್ ಫಿರ್ಪೊ. ಒಂದು ಪತ್ರಿಕೆಗೆ ಚಿತ್ರ ಬರೆದುಕೊಡಲು ಬೆಲ್ಲೋಸ್ ಅಲ್ಲಿಗೆ ಹೋಗಿದ್ದ. ಡೆಂಪ್ಸಿ ಬಿದ್ದದ್ದು ಪತ್ರಕರ್ತರ ಮೇಲೆ. ಅವರು ಅವನನ್ನು ದಬ್ಬಿ ಮತ್ತೆ ಒಳಗೆ ಹಾಕಿದರು. ಎರಡನೇ ಸುತ್ತಿನಲ್ಲಿ ಫಿರ್ಪೊನನ್ನು ಮಲಗಿಸಿ ಡೆಂಪ್ಸಿಯೇ ಗೆದ್ದ.

ಗೆದ್ದವನು ಬಿದ್ದ ಗಳಿಗೆಯನ್ನೇ ಬೆಲ್ಲೋಸ್ ಆರಿಸಿಕೊಂಡ. ಆಮೇಲೆ ಜಾಸ್ತಿ ದಿನ ಬದುಕಲಿಲ್ಲ. 1925ರ ಜನವರಿಯಲ್ಲಿ ಅಪೆಂಡಿಕ್ಸ್ ಒಡೆದು ತೀರಿಕೊಂಡ. ಆಗ ಅವನಿಗೆ ಬರೀ 42.

ಇದೆಲ್ಲ ನನಗೆ ಗೊತ್ತಾದದ್ದು ಈಚೆಗೆ, ಅಣ್ಣನ ಮಗಳಿಂದ. ಅವಳು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪ್ರಿಂಟ್‌ಮೇಕಿಂಗ್ ಓದುತ್ತಿದ್ದಾಳೆ. ಹೋದ ದೀಪಾವಳಿ ರಜೆಗೆ ಬಂದವಳು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು, "ಕಾಕಾ, ನಿಮ್ಮ ಗ್ವಾಡಿ ಮ್ಯಾಲಿನ ಚಿತ್ರ ಇದs ಹೌದಲ್ರಿ?" ಅಂದಳು. ಹೌದು. ಯಾವುದೋ ಮ್ಯೂಸಿಯಂನವರು ಇಟ್ಟ ದೊಡ್ಡ ಫೋಟೋ. ಅವಳು ಹಿಗ್ಗಿಸುತ್ತ ಹೋದಳು. ಡೆಂಪ್ಸಿಯ ಕಾಲು ತೆರೆ ತುಂಬಾ ಆಯಿತು. ಆಮೇಲೆ ಕಾಲೂ ಇಲ್ಲ, ರವೆ ಚೆಲ್ಲಿದ ಹಾಗೆ ಬರೀ ಕರಿ ಚುಕ್ಕೆ.

"ಇದು ಕಲ್ಲಿನ ಕಣರಿ ಕಾಕಾ. ಸುಣ್ಣಕಲ್ಲಿನ ಮ್ಯಾಲೆ ಜಿಡ್ಡಿನ ಕಡ್ಡಿಲೆ ಬರೀತಾರ. ನೀರ ಸವರಿದ್ರ ಖಾಲಿ ಜಾಗಾ ನೀರ ಹಿಡಿತೈತಿ. ಇಂಕು ಜಿಡ್ಡಿಗಷ್ಟ ಅಂಟತೈತಿ."

ನಾನು ನಕ್ಕುಬಿಟ್ಟೆ. ಇದನ್ನು ನನಗೆ ಕಲಿಸಬೇಕಾ? ಮೂವತ್ತು ವರ್ಷ ನಾನು ಮಾಡಿದ್ದೇ ಇದು. ಆಫ್‌ಸೆಟ್ಟಿನಲ್ಲಿ ಕಲ್ಲಿನ ಬದಲು ಅಲ್ಯೂಮಿನಿಯಂ ಪ್ಲೇಟು, ಅಷ್ಟೇ. ನೀರಿನ ರೋಲರ್ ಬೇರೆ, ಇಂಕಿನ ರೋಲರ್ ಬೇರೆ. ನೀರು ಕಮ್ಮಿ ಆದರೆ ಹಾಳೆಯೆಲ್ಲ ಮಸಿ, ಜಾಸ್ತಿ ಆದರೆ ಅಕ್ಷರ ತೇಲಿಹೋಗುತ್ತದೆ. ಮಾಲೀಕರ ಬೈಗುಳ ತಿಂದದ್ದೆಲ್ಲ ಈ ನೀರಿನ ಲೆಕ್ಕಕ್ಕೇ. ಹದಿನೆಂಟನೇ ಶತಮಾನದ ಕೊನೆಗೆ ಜರ್ಮನಿಯ ಸೆನೆಫೆಲ್ಡರ್ ಈ ಕಲ್ಲಚ್ಚನ್ನು ಕಂಡುಹಿಡಿದನಂತೆ, ತನ್ನ ನಾಟಕಗಳನ್ನು ಅಗ್ಗದಲ್ಲಿ ಅಚ್ಚು ಹಾಕಿಸಬೇಕು ಅಂತ. ನಾಟಕದ ಹುಚ್ಚು ಹುಬ್ಬಳ್ಳಿ ಗದಗಿನವರಿಗಷ್ಟೇ ಅಲ್ಲ, ನೋಡಿ.

ಇನ್ನೊಂದು ಫರಕು ಇದೆ. ನಮ್ಮಲ್ಲಿ ಅಚ್ಚು ಮೊದಲು ರಬ್ಬರ್ ಬ್ಲಾಂಕೆಟ್ಟಿಗೆ ಬಿದ್ದು, ಅಲ್ಲಿಂದ ಹಾಳೆಗೆ ಬರುತ್ತದೆ. ಹಾಗಾಗಿ ಪ್ಲೇಟಿನಲ್ಲಿ ಅಕ್ಷರ ಸೀದಾ ಇರುತ್ತದೆ. ಕಲ್ಲಿನಿಂದ ನೇರ ಹಾಳೆಗೆ ಬಂದರೆ ಎಡ ಬಲ ಆಗುತ್ತದೆ. ಎಲ್ಲವನ್ನೂ ಉಲ್ಟಾ ಯೋಚಿಸಿ ಬರೆಯಬೇಕು.

"ಕಾಕಾ, ನಿಮ್ಮ ಕಾಯಿ ಕುಸ್ತಿ ಹೇಳ್ರಿ. ನಾ ಅದನ್ನ ಲಿನೋದಾಗ ಕೆತ್ತತೀನಿ" ಅಂದಳು. ಲಿನೋ ಅಂದರೆ ಕೆತ್ತಿ, ಇಂಕು ಹಚ್ಚಿ, ನೇರ ಹಾಳೆಗೆ ಅಚ್ಚು ಒತ್ತುವ ಮೆತ್ತನೆ ಹಾಸು.

ಈ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ನಮ್ಮದು ಶಿಗ್ಗಾವಿ ಕಡೆಯ ಹಳ್ಳಿ. ಊರ ಗರಡಿಯಲ್ಲಿ ಕೆಮ್ಮಣ್ಣಿಗೆ ಎಣ್ಣೆ, ಅರಿಶಿಣ, ಲಿಂಬೆಹುಳಿ, ಮಜ್ಜಿಗೆ ಕಲಸಿ ಹದ ಮಾಡುತ್ತಿದ್ದರು. ಬೆಳಗಿನ ನಸುಕಿನಲ್ಲಿ ಅದರ ಮೇಲೆ ಬರಿಗಾಲಿಟ್ಟರೆ ತಂಪು, ಉಪ್ಪಿನಕಾಯಿ ಭರಣಿಗೆ ಕೈ ಹಾಕಿದಂಥ ವಾಸನೆ. ಸ್ನಾನ ಮಾಡಿ ಸಾಲಿಗೆ ಹೋದರೂ ಕಿವಿಯ ಹಿಂದೆ ಆ ಮಣ್ಣು ಇರುತ್ತಿತ್ತು. ಮಾಸ್ತರು ಕಿವಿ ಹಿಂಡುವಾಗ ಅವರ ಬೆರಳಿಗೆ ಹತ್ತುತ್ತಿತ್ತು. ಅದು ನಮಗೆ ಸಣ್ಣ ಖುಷಿ.

ಜಾತ್ರೆಯ ಜಂಗೀ ನಿಕಾಲಿ ಕುಸ್ತಿಗೆ ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ ಬರುತ್ತಿದ್ದವು. ದೊಡ್ಡ ಪೈಲ್ವಾನರಿಗೆ ಬೆಳ್ಳಿ ಕಡಗ. ನಮ್ಮಂಥ ಹುಡುಗರಿಗೆ ಮಧ್ಯಾಹ್ನವೇ ಕಾಯಿ ಕುಸ್ತಿ. ಗೆದ್ದವನಿಗೆ ಒಂದು ತೆಂಗಿನಕಾಯಿ. ವಸ್ತಾದರು ಹುಡುಗರ ಕೈ ಹಿಡಿದು ಕಣ ಸುತ್ತಿಸಿ ಜೋಡಿ ಹಚ್ಚುತ್ತಿದ್ದರು. 1979. ನನಗೆ ಹನ್ನೊಂದು ವರ್ಷ. ಎದುರಿಗೆ ಪಕ್ಕದೂರಿನ ದಪ್ಪ ಹುಡುಗ.

ಇಲ್ಲಿವರೆಗೆ ನಿಜ. ಇದರ ಮುಂದೆ ನಾನು ಹೇಳುತ್ತ ಬಂದದ್ದು: ಅವನನ್ನು ಚಿತ್ ಮಾಡಿದೆ, ಕಾಯಿ ಗೆದ್ದೆ, ಪಾಪ ಅಳುತ್ತಿದ್ದ ಅಂತ ಅರ್ಧ ಅವನಿಗೆ ಕೊಟ್ಟು ಅರ್ಧ ಮನೆಗೆ ತಂದೆ.

ಬಾಯಿ ತೆರೆದೆ. ತೆರೆಯ ಮೇಲೆ ಡೆಂಪ್ಸಿ ಕಾಲು ಮೇಲೆ ಮಾಡಿಕೊಂಡು ಇನ್ನೂ ಬೀಳುತ್ತಲೇ ಇದ್ದ. ಈ ಸಲ ಬೇರೇನೇ ಬಂತು ಬಾಯಿಗೆ.

"ನಾ ಗೆದ್ದಿಲ್ಲವ್ವಾ. ಅವ ನನ್ನ ನಡಾ ಹಿಡದು ಎತ್ತಿ ಕಣದ ಹೊರಗ ಒಗದ. ನಾ ಹೋಗಿ ಹಲಗಿ ಬಾರಿಸೋ ಅಜ್ಜನ ಮ್ಯಾಲ ಬಿದ್ದೆ."

ಬಿದ್ದಾಗ ಕಂಡದ್ದು ಈಗಲೂ ಹಾಗೇ ಇದೆ. ಮೊದಲು ಆಕಾಶ, ಅದರೊಳಗೆ ನನ್ನದೇ ಎರಡು ಕಾಲು. ಆಮೇಲೆ ಬೆನ್ನ ಕೆಳಗೆ ಢಬ್ ಅಂತ ಸದ್ದು. ಅಷ್ಟು ಹೊತ್ತು ಬಾರಿಸುತ್ತಿದ್ದ ಹಲಗಿ ನಿಂತುಹೋಯಿತು. ಜನ ಹೋ ಅಂದರು. ನಾಲ್ಕಾರು ಕೈ ನನ್ನನ್ನು ಎತ್ತಿ ಕಣದೊಳಗೆ ದಬ್ಬಿದವು. "ಹೋಗಲೇ ಹುಲಿ" ಅಂದರು ಯಾರೋ. ಹುಲಿ ಹೋಯಿತು. ಎಣಿಸಿ ಹತ್ತು ಅನ್ನುವುದರೊಳಗೆ ಚಿತ್.

ಆ ಹುಡುಗನೇ ಕಾಯಿ ಒಡೆದು ನನಗೆ ಅರ್ಧ ಕೊಟ್ಟದ್ದು. ಯಾಕೆ ಕೊಟ್ಟನೋ ಗೊತ್ತಿಲ್ಲ, ನಾನಂತೂ ಅಳುತ್ತಿರಲಿಲ್ಲ. ಬಹುಶಃ ಅಳುತ್ತಿದ್ದೆ. ಮನೆಗೆ ಹೋಗುವ ದಾರಿಯಲ್ಲಿ ಆ ಅರ್ಧ ಹೋಳು ಕೈಯಲ್ಲಿತ್ತಲ್ಲ, ಕಥೆ ಅಲ್ಲೇ ತಯಾರಾಯಿತು. ಅವ್ವ ಏನೂ ಕೇಳದೆ ಅದನ್ನು ತುರಿದು ಚಟ್ನಿ ಅರೆದಳು.

"ಮತ್ತ ನೀವು ಗೆದ್ದಿದ್ರಿ ಅಂತ ಹೇಳ್ತಿದ್ರೆಲ್ಲರೀ ಕಾಕಾ!" ಹುಡುಗಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಪೆನ್ಸಿಲ್ ತಗೊಂಡು ಲಿನೋ ತುಂಡಿನ ಮೇಲೆ ಗೆರೆ ಎಳೆಯತೊಡಗಿದಳು. ಮೊದಲು ಬರೆದದ್ದು ಮೇಲೆ ಮಾಡಿದ ಎರಡು ಸಣ್ಣ ಕಾಲು.

"ಹಲಗಿ ಅಜ್ಜ ಯಾ ಕಡೆ ಕುಂತಿದ್ರು?"

"ನನ್ನ ಬಲಕ್ಕ."

"ಹಂಗಾದ್ರ ನಾ ಎಡಕ್ಕ ಕೆತ್ತಬೇಕು" ಅಂದಳು, ತನ್ನಷ್ಟಕ್ಕೇ.

ಅಣ್ಣ ಅಷ್ಟು ಹೊತ್ತೂ ಬಾಗಿಲ ಹತ್ತಿರ ಕೂತು ಅಡಿಕೆ ಕತ್ತರಿಸುತ್ತಿದ್ದ. ತಲೆ ಎತ್ತದೆ, "ಹಲಗಿ ಹರಿದದ್ದನ್ನೂ ಬರಿ" ಅಂದ.

"ಹಲಗಿ ಹರಿದಿತ್ತಾ?"

"ಹರಿದಿತ್ತಾ ಅಂತ ಕೇಳ್ತಾನ. ಮರುದಿನ ನೀ ಸಾಲಿಗೆ ಹೋದಾಗ ಆ ಅಜ್ಜ ಮನಿಗೆ ಬಂದಿದ್ದ. ತೊಗಲು ಹಾಕಿಸಾಕ ಅವ್ವ ಹತ್ತು ರೂಪಾಯಿ ಕೊಟ್ಟು ಕಳಿಸಿದ್ಳು. ನಾನೂ ಅಲ್ಲೇ ಇದ್ದೆ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಬ್ಯಾಡ ಅಂದಿದ್ಳು" ಅಂದ ಅಣ್ಣ, ಅಡಿಕೆ ಹೋಳು ನನ್ನ ಕಡೆ ಚಾಚಿ.